ಇಂಟು ಹಾಕಿದ ಬೋರ್ಡುಗಳು

ಏಪ್ರಿಲ್ ಎರಡನೇ ವಾರ ಕದಿರೇಶ ಬಂದಾಗ ನಾನು ಅಂಗಡಿಯ ಶಟರನ್ನು ಅರ್ಧಕ್ಕೆ ಇಳಿಸಿಕೊಂಡು ಒಳಗೆ ಕೂತಿದ್ದೆ. ಎಂಟು ತಿಂಗಳಿಂದ ಹಾಗೆಯೇ ಕೂರುತ್ತಿದ್ದೆ. ಕೆಲಸವೇನೂ ಇರಲಿಲ್ಲ. ಮನೆಗೆ ಬಂದವರು ಮೊದಲು ನನ್ನ ಹಣೆ ನೋಡುತ್ತಿದ್ದರು, ಆಮೇಲೆ ಕೈ ನೋಡುತ್ತಿದ್ದರು. ಅಂಗಡಿಯಲ್ಲಿ ನೋಡುವವರಿರಲಿಲ್ಲ.

"ಅಕ್ಕ, ಒಳಗಿದ್ದೀರಾ?" ಎಂದು ಕೇಳುತ್ತ ಶಟರಿನ ಕೆಳಗೆ ಬಗ್ಗಿ ಬಂದ.

ಕದಿರೇಶ ಶ್ರೀನಿವಾಸಪುರದ ಆಚೆ ಇರುವ ಮಾವಿನ ತಿರುಳಿನ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್. ನನ್ನ ಗಂಡ ನಂದಕಿಶೋರ್ ಇದ್ದಾಗ ತಿಂಗಳಿಗೊಮ್ಮೆಯಾದರೂ ಮುಳಬಾಗಿಲಿಗೆ ಬರುತ್ತಿದ್ದ. ಅವರು ಹೋದ ಮೇಲೆ ಬಂದದ್ದು ಇದೇ ಮೊದಲು. ತೆಲುಗು ಪೇಪರಿನಲ್ಲಿ ಸುತ್ತಿ ತಂದಿದ್ದ ಮದರ್‌ಬೋರ್ಡನ್ನು ಮೇಜಿನ ಮೇಲೆ ಬಿಚ್ಚಿಟ್ಟ. ಹಳೆಯ 386 ಕಂಪ್ಯೂಟರಿನ ಬೋರ್ಡು. ನಡುವೆ ಅಂಗೈಯಗಲ ಕಪ್ಪಾಗಿತ್ತು.

"ಮೊನ್ನೆ ಗುಡುಗು ಮಳೆ ಬಂತಲ್ಲ, ಅವತ್ತು ಸಿಡಿಲು ಹೊಡೀತು. ಡಬ್ಬ ತುಂಬೋ ಮೆಷೀನಿಂದು. ಏನಾದ್ರೂ ಆಗುತ್ತಾ ನೋಡಿ."

ನೋಡಿದೆ. ಒಳಪದರದವರೆಗೆ ಸುಟ್ಟಿತ್ತು.

"ಇದು ಆಗಲ್ಲ."

"ಗೊತ್ತಿತ್ತು. ಆದರೂ ತಂದೆ." ಅವನು ಸ್ಟೂಲಿನ ಮೇಲೆ ಕೂತ. "ಇಂಥದ್ದೇ ಇನ್ನೊಂದು ಬೇಕಕ್ಕ. ಆ ಮೆಷೀನಿಗೆ ಉದ್ದ ಕಾರ್ಡು ಇದೆ ನೋಡಿ, ಅದು ಹೊಸ ಬೋರ್ಡಿಗೆ ಕೂರಲ್ಲ. ಬೆಂಗಳೂರಲ್ಲಿ ಮೂರು ದಿನ ಅಲೆದೆ. ಮ್ಯೂಸಿಯಮ್‌ಗೆ ಹೋಗಯ್ಯ ಅಂದ್ರು. ಮೇ ಇಪ್ಪತ್ತಕ್ಕೆ ಹಣ್ಣು ಬೀಳುತ್ತೆ. ಅಷ್ಟರಲ್ಲಿ ಆಗಲಿಲ್ಲ ಅಂದ್ರೆ ಮೆಷೀನೇ ತೆಗೆದುಹಾಕ್ತಾರೆ. ಚೆನ್ನೈಯೋರು ಬಂದು ಹೊಸದಕ್ಕೆ ಅಳತೆ ತಗೊಂಡು ಹೋಗಿದ್ದಾರೆ. ಆಮೇಲೆ ಅಲ್ಲಿ ನಂದಣ್ಣನ ಅಂಗಡಿಗೆ ಕೆಲಸ ಇರಲ್ಲ."

ಅವನು ಹೇಳಿದ್ದು ನಿಜ. ಆ ಮೆಷೀನು ಓಡುತ್ತಿರಲೆಂದೇ ನಂದಕಿಶೋರ್ ಹಳೆಯ ಬೋರ್ಡುಗಳನ್ನು ಮೂಟೆಗಟ್ಟಲೆ ಕೊಳ್ಳುತ್ತಿದ್ದರು. ಮುಚ್ಚಿಹೋದ ಆಫೀಸು, ಕಂಪ್ಯೂಟರ್ ಕ್ಲಾಸುಗಳಿಂದ ಬಂದ ಮಾಲು. ನೋಡದೆ, ಪರೀಕ್ಷಿಸದೆ, ಇದ್ದ ಹಾಗೆ ಕೊಳ್ಳುವುದು. ತೊಳೆದು, ಒಣಗಿಸಿ, ಒಂದೊಂದನ್ನೂ ಮೇಜಿನ ಮೇಲೆ ಜೋಡಿಸಿ ನೋಡುವುದು. ಹತ್ತರಲ್ಲಿ ಮೂರು ಬದುಕುತ್ತಿದ್ದವು.

ಅವರು ಕಳೆದ ಆಗಸ್ಟಿನಲ್ಲಿ, ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನ ತೀರಿಕೊಂಡರು. ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಬಿದ್ದರು. ಕೋಲಾರಕ್ಕೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಿದುಳಿನಲ್ಲಿ ರಕ್ತಸ್ರಾವ ಎಂದರು. ವಯಸ್ಸು ಮೂವತ್ತಮೂರು. ಅಲ್ಲಿನ ಡಾಕ್ಟರು ಕಾಗದ ಬರೆಯುತ್ತ ಕೇಳಿದ್ದು ಒಂದೇ ಪ್ರಶ್ನೆ: "ಇದು ಒಂದೇ ದಿನದಲ್ಲಿ ಆಗೋದಲ್ಲಮ್ಮ. ವಾರದಿಂದ ಏನಾದ್ರೂ ವ್ಯತ್ಯಾಸ ಕಂಡಿತ್ತಾ?"

ಇಲ್ಲ ಎಂದಿದ್ದೆ. ನನ್ನ ಮುಂಗೈಯಲ್ಲಿ ಹಬ್ಬದ ಹಳದಿ ದಾರ ಇನ್ನೂ ಇತ್ತು.

ವೈಕುಂಠ ಸಮಾರಾಧನೆಯ ಮಾರನೆಯ ದಿನ ಅವರ ಅಣ್ಣ ಸಂಕರ್ಷಣ ಅಂಗಡಿ ಖಾಲಿ ಮಾಡಿಸಿದರು. ಒಂಬತ್ತು ಮೂಟೆ ಬೋರ್ಡು. ಮಾಲೂರಿನ ಗುಜರಿಯವನು ಟೆಂಪೊ ತಂದಿದ್ದ. "ಕೊಡೋಣ ಅಲ್ಲವೇನಮ್ಮ?" ಎಂದು ಭಾವ ಕೇಳಿದಾಗ ತಲೆಯಾಡಿಸಿದ್ದೆ. ಆ ದಿನಗಳಲ್ಲಿ ಯಾರು ಏನು ಕೇಳಿದರೂ ತಲೆಯಾಡಿಸುತ್ತಿದ್ದೆ.

"ನೋಡ್ತೀನಿ," ಎಂದೆ ಕದಿರೇಶನಿಗೆ.

"ನೀವೂ ಓದಿದ್ದೀರಂತಲ್ಲ, ನಂದಣ್ಣ ಹೇಳ್ತಿದ್ರು. ನಾನು ಬರೀ ವೈರು ಜೋಡಿಸೋನು, ಒಳಗಡೆ ಏನಾಗುತ್ತೆ ಅಂತ ಗೊತ್ತಿರೋದು ಅವಳಿಗೆ ಅಂತ."

ಎಂ.ಎಸ್ಸಿ. ಎಲೆಕ್ಟ್ರಾನಿಕ್ಸ್ ಓದಿದ್ದೆ. ಮದುವೆಯಾದ ಮೇಲೆ ಅಂಗಡಿಯಲ್ಲಿ ಮೀಟರ್ ಹಿಡಿದು ಅವರ ಪಕ್ಕ ಕೂರುತ್ತಿದ್ದೆ. ಬೆಸುಗೆಯೂ ಬರುತ್ತಿತ್ತು. ಆದರೆ ಬೋರ್ಡು ಬದುಕಿದೆಯೋ ಸತ್ತಿದೆಯೋ ಎಂದು ತೀರ್ಮಾನಿಸುತ್ತಿದ್ದವರು ಅವರು.

ಮನೆಯಲ್ಲಿ ಭಾವನಿಗೆ ಹೇಳಿದೆ. ಅವರು ಹೈಸ್ಕೂಲು ಮೇಷ್ಟ್ರು. ಕೆಟ್ಟವರಲ್ಲ.

"ಮೇ ಕೊನೆಗೆ ಕ್ಸೆರಾಕ್ಸಿನವನಿಗೆ ಅಂಗಡಿ ಬೀಗದ ಕೈ ಕೊಡ್ತೀನಿ ಅಂದುಬಿಟ್ಟಿದ್ದೀನಲ್ಲ ಮೃದುಲಾ."

"ಫ್ಯಾಕ್ಟರಿ ಕೆಲಸ ಆದರೆ ಅಂಗಡಿ ನಡೆಯುತ್ತೆ ಭಾವ."

"ಆದರೆ, ಅಲ್ಲವಾ?" ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಸರಿ. ಇಪ್ಪತ್ತನೇ ತಾರೀಖು ಆ ಮೆಷೀನು ಓಡಿದರೆ ಅಂಗಡಿ ನಿಂದು. ಇಲ್ಲಾಂದ್ರೆ ಇನ್ನು ಮಾತಾಡೋದು ಬೇಡ. ವರ್ಷ ತುಂಬೋ ಮೊದಲೇ ಬಸ್ಸು ಹತ್ತಿ ಓಡಾಡ್ತಾಳೆ ಅಂತ ಜನ ನನ್ನ ಕೇಳ್ತಾರೆ, ನಿನ್ನಲ್ಲ."

ಅಂಗಡಿ ಹೋದರೆ ನಾನು ಮನೆಯಲ್ಲಿರಬೇಕು. ನಡುಮನೆಯಲ್ಲಿ, ಬಂದವರೆಲ್ಲರ ಎದುರಿಗೆ. ಅದನ್ನು ಅವರಿಗೆ ಹೇಳಲಿಲ್ಲ.

ಕೋಲಾರದಲ್ಲಿ ಬಸ್ಸು ಬದಲಿಸಿ ಮಾಲೂರಿಗೆ ಹೋದೆ. ಗುಜರಿಯವನ ಹೆಸರು ಮುನಿಶಾಮಿ. ಇಂಡಸ್ಟ್ರಿಯಲ್ ಏರಿಯಾದ ಹಿಂದೆ, ಹೆಂಚಿನ ಕಾರ್ಖಾನೆಯ ಪಕ್ಕ ಅವನ ಶೆಡ್ಡು. ನನ್ನನ್ನು ನೋಡಿ ಎದ್ದು ನಿಂತ. ಕುರ್ಚಿ ಒರೆಸಿದ. ಮೂಲೆಯಲ್ಲಿ ಐದಾರು ಗೋಣಿಮೂಟೆಗಳಿದ್ದವು. ಒಂದರ ಬಾಯಿಗೆ ಕೈ ಹಾಕಿದೆ.

"ಬಿಚ್ಚಬೇಡಿ ಅಮ್ಮಾ. ಲಾಟು ಅಂದ್ರೆ ಲಾಟು. ಆರಿಸೋ ಹಂಗಿಲ್ಲ."

"ಟೆಸ್ಟ್ ಮಾಡಿದ್ದಾ?"

"ಅನ್‌ಟೆಸ್ಟೆಡ್. ದೇವರಾಣೆಗೂ ನಾನು ಮುಟ್ಟಿಲ್ಲ. ಹೆಂಗೆ ಬಂತೋ ಹಂಗೇ ಐತೆ."

"ಅವರಿಗೂ ಹೀಗೇ ಕೊಡ್ತಿದ್ರಾ?"

"ಆಯಪ್ಪ ಬಿಚ್ಚೋರೇ ಅಲ್ಲ. ಮೂಟೆ ಎತ್ತಿ ಒಂದು ಸಲ ಅಲ್ಲಾಡಿಸೋರು. ಸದ್ದು ಕೇಳಿ, ಇದರಾಗೆ ಮೂವತ್ತು ಬೋರ್ಡು, ಹತ್ತು ಕಾರ್ಡು, ಒಂದು ಸತ್ತ ಇಲಿ ಅನ್ನೋರು. ಇಲಿ ಇರ್ತಿತ್ತು ಕಣಮ್ಮಾ. ನೀವೂ ಬೇಕಾದ್ರೆ ಅಲ್ಲಾಡಿಸಿ ನೋಡಿ."

ಎತ್ತಲು ನೋಡಿದೆ. ಆಗಲಿಲ್ಲ. ಅವನು ನಗು ನುಂಗಿಕೊಂಡ. ಯಾವುದು ಹತ್ತಿರವಿತ್ತೋ ಅದನ್ನೇ ತೋರಿಸಿದೆ. ಬಸ್ಸಿನ ಮೇಲೆ ಅವನೇ ಹಾಕಿಸಿದ.

ಮಾರನೆಯ ದಿನ ಅಂಗಡಿಯ ಮೇಲಿನ ತಾರಸಿಯಲ್ಲಿ ಬಕೆಟ್ ಇಟ್ಟುಕೊಂಡು ತೊಳೆಯಲು ಕೂತೆ. ಸೋಪಿನ ಪುಡಿ, ಹಳೆಯ ಟೂತ್‌ಬ್ರಷ್ಷು. ಮೊದಲ ಬೋರ್ಡಿನ ಧೂಳು ಹೋಗುತ್ತಿದ್ದಂತೆ ಅಂಚಿನಲ್ಲಿ ಕೆಂಪು ಗೆರೆ ಕಂಡಿತು. ಇನ್ನೂ ಉಜ್ಜಿದೆ. ಗೆರೆಯ ಮೇಲೆ ಅಡ್ಡ ಇನ್ನೊಂದು ಗೆರೆ.

ಇಂಟು ಗುರುತು. ನನ್ನ ಉಗುರುಬಣ್ಣ.

ಬೋರ್ಡು ತೊಳೆದರೂ ಹೋಗದ ಗುರುತು ಬೇಕೆಂದು ಅವರು ನನ್ನ ಬಾಟಲಿ ತೆಗೆದುಕೊಳ್ಳುತ್ತಿದ್ದರು. ಕುಂಕುಮದ ಬಣ್ಣದ್ದಲ್ಲ, ಅದಕ್ಕಿಂತ ಕಪ್ಪು, ಹಣ್ಣಾದ ನೇರಳೆಗೆ ಹತ್ತಿರದ ಕೆಂಪು. ಓಡುವ ಬೋರ್ಡಿಗೆ ಒಂದು ಚುಕ್ಕಿ. ಸತ್ತದ್ದಕ್ಕೆ ಇಂಟು, ಹಿಂದೆ ಮಾರ್ಕರಿನಲ್ಲಿ ತಾರೀಖು ಮತ್ತು ಕಾರಣ. ಖಾಲಿಯಾದಾಗ ಪಕ್ಕದ ಬಳೆ ಅಂಗಡಿಗೆ ಹೋಗಿ ತಾವೇ ಹೊಸದು ತರುತ್ತಿದ್ದರು. ಅಂಗಡಿಯ ಭಾರತಮ್ಮ, "ಹೆಂಡ್ತಿಗಿಂತ ನಿಂಗೇ ಜಾಸ್ತಿ ಬೇಕಲ್ಲಪ್ಪ, ಕಾಲಿಗೂ ಹಚ್ಕೊಳ್ತೀಯಾ?" ಎಂದು ಬೀದಿಗೆ ಕೇಳುವಂತೆ ಕೂಗುತ್ತಿದ್ದಳು. ಹತ್ತನೆಯ ದಿನ ನನ್ನ ಬಳೆ ತೆಗೆಸಿದಾಗ ಕಪಾಟಿನಲ್ಲಿದ್ದ ಆ ಬಾಟಲಿಯನ್ನೂ ಯಾರೋ ಒಂದು ಚೀಲಕ್ಕೆ ಹಾಕಿದರು.

ಎರಡನೆಯ ಬೋರ್ಡಿಗೂ ಇಂಟು. ಮೂರನೆಯದಕ್ಕೂ. ಮೂವತ್ತೆಂಟು ಬೋರ್ಡು ತೊಳೆದೆ. ಮೂವತ್ತೆಂಟಕ್ಕೂ ಇಂಟು.

ಕೆಳಗಿಳಿದು ಎಸ್‌ಟಿಡಿ ಬೂತಿನಿಂದ ಮುನಿಶಾಮಿಗೆ ಫೋನು ಮಾಡಿದೆ.

"ಅಯ್ಯೋ, ನಿಮ್ಮ ಮೂಟೆನೇ ನಿಮಗೆ ಬಂತಾ? ಬೆಂಗಳೂರಿಂದ ಹುಡುಗ್ರು ಬರ್ತಾರಮ್ಮ, ಆಯಪ್ಪನ ಗುರುತು ಅವರಿಗೂ ಗೊತ್ತು. ಚುಕ್ಕಿ ಇರೋವು ಆರಿಸ್ಕೊಂಡು ಹೋದ್ರು. ಇಂಟು ಉಳ್ಕೊಂಡ್ವು."

"ಆರಿಸೋ ಹಾಗಿಲ್ಲ ಅಂದ್ರಲ್ಲ. ಅನ್‌ಟೆಸ್ಟೆಡ್ ಅಂದ್ರಿ."

"ನಾನು ಟೆಸ್ಟ್ ಮಾಡಿಲ್ಲವಲ್ಲಮ್ಮ," ಎಂದ. "ಮಾಡಿರೋದು ನಿಮ್ಮೋರು."

ಬೇರೆ ಮೂಟೆ ಕೊಡುತ್ತೀರಾ ಎಂದು ಕೇಳಿದೆ. ಉಳಿದವೂ ಅವೇ ಎಂದ.

ಎರಡು ವಾರ ಏನೂ ಮಾಡಲಿಲ್ಲ. ಬೋರ್ಡುಗಳು ಒಣಗಿ ಅಂಗಡಿಯ ಗೋಡೆಗೆ ಒರಗಿಕೊಂಡಿದ್ದವು. ಅವರು ಸತ್ತಿದೆ ಎಂದ ಬೋರ್ಡು ಬದುಕಿದ್ದನ್ನು ನಾನು ಕಂಡಿರಲಿಲ್ಲ. ಭಾವ ದಿನಾ ಊಟದ ಹೊತ್ತಿಗೆ "ಏನಾಯಿತು?" ಎನ್ನುತ್ತಿದ್ದರು. ನೋಡುತ್ತಿದ್ದೇನೆ ಎನ್ನುತ್ತಿದ್ದೆ. ಅಷ್ಟರಲ್ಲಿ ಮೇ ಬಂತು.

ಒಂದು ಮಧ್ಯಾಹ್ನ ಬೋರ್ಡುಗಳನ್ನು ತಿರುಗಿಸಿ ತಾರೀಖಿನ ಪ್ರಕಾರ ಜೋಡಿಸಿದೆ. ರಿಪೇರಿಗೆಂದಲ್ಲ. ಅವರು ಕೊನೆಗೆ ಮುಟ್ಟಿದ್ದು ಯಾವುದು ಎಂದು ತಿಳಿಯಬೇಕೆನಿಸಿತು, ಅಷ್ಟೇ.

ಹಿಂದಿನ ಬರಹ ಒಂದೊಂದನ್ನೂ ಓದಿದೆ. 'ಪೂರ್ತಿ ಶಾರ್ಟ್.' 'ಒಳಪದರ ಸುಟ್ಟಿದೆ.' 'ಚಿಪ್ ಒಡೆದಿದೆ, ಸಿಗಲ್ಲ.' ಸಣ್ಣ, ನೇರ ಅಕ್ಷರ. ಎಡ ಅಂಚಿನಿಂದ ಶುರು. ಕೊನೆಯ ಏಳು ಬೋರ್ಡುಗಳ ತಾರೀಖು ಆಗಸ್ಟ್ ಹನ್ನೆರಡು, ಹದಿಮೂರು, ಹದಿನಾಲ್ಕು. ಅವುಗಳಲ್ಲಿ ಆರರ ಮೇಲೆ ಒಂದೇ ಮಾತು: 'ಕಾರಣ ಸಿಗಲಿಲ್ಲ.'

ಅವರು ಹಾಗೆ ಬರೆಯುವವರಲ್ಲ. ಕಾರಣ ಸಿಗುವವರೆಗೆ ಊಟಕ್ಕೂ ಬರುತ್ತಿರಲಿಲ್ಲ. ಅಕ್ಷರವೂ ಬೇರೆಯಾಗಿತ್ತು. ಸಾಲು ಬೋರ್ಡಿನ ನಡುವಿನಿಂದ ಶುರುವಾಗಿ, ಬಲ ಅಂಚಿನಲ್ಲಿ ಜಾಗ ಸಾಲದೆ ಕೆಳಗೆ ಬಾಗಿತ್ತು. ಎಡಗಡೆ ಅರ್ಧ ಖಾಲಿ.

ಹದಿಮೂರನೇ ತಾರೀಖಿನ ಒಂದನ್ನು ಮೇಜಿನ ಮೇಲೆ ಇಟ್ಟೆ. ಅವರು ಇಡುತ್ತಿದ್ದ ಹಾಗೆ, ಕೀಬೋರ್ಡು ಚುಚ್ಚುವ ಮೂಲೆ ಎಡಗೈ ಕಡೆಗೆ ಬರುವಂತೆ. ಆ ಮೂಲೆಯಲ್ಲಿ ನೀಲಿ ಪೀಪಾಯಿಯಂಥ ಸಣ್ಣ ಬ್ಯಾಟರಿ ಇರುತ್ತದೆ. ಹಳೆಯ ಬೋರ್ಡುಗಳಲ್ಲಿ ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಇದರಲ್ಲೂ ತಿಂದಿತ್ತು. ಉಪ್ಪಿನಕಾಯಿ ಭರಣಿಯ ಬಾಯಿಗೆ ಬೂಷ್ಟು ಹಿಡಿದಂತೆ ಹಸಿರು ಪುಡಿ. ತೊಳೆದ ಮೇಲೂ ಉಳಿದಿತ್ತು. ಮೊದಲ ದಿನ ಅವರು ನನಗೆ ಕಲಿಸಿದ್ದೇ ಅದನ್ನು. ಬೋರ್ಡು ಕೈಗೆ ಬಂದ ಕೂಡಲೇ ಬ್ಯಾಟರಿ ಮೂಲೆ ನೋಡು, ಕರೆಂಟು ಆಮೇಲೆ ಕೊಡು.

ಎರಡನೆಯದು. ಅದೇ ಮೂಲೆ, ಅದೇ ಹಸಿರು. ಮೂರನೆಯದರಲ್ಲಿ ಎಡ ಅಂಚಿನ ಸಣ್ಣ ಜಂಪರ್ ಟೋಪಿ ಬಿದ್ದುಹೋಗಿತ್ತು. ಎರಡು ಮುಳ್ಳುಗಳು ಬೆತ್ತಲಾಗಿ ನಿಂತಿದ್ದವು. ನಾಲ್ಕನೆಯದು, ಐದನೆಯದು, ಆರನೆಯದು ಎಲ್ಲವೂ ಎಡಗಡೆ. ಕಾರಣ ಬರೆದಿದ್ದ ಏಳನೆಯದನ್ನು ಕೊನೆಗೆ ನೋಡಿದೆ. 'ಕೆಪಾಸಿಟರ್ ಸಿಡಿದು ಕೆಳಗಿನ ಪದರ ಹೋಗಿದೆ.' ಸರಿಯಾಗಿತ್ತು. ಅದು ಬಲಗಡೆ ಇತ್ತು.

ಮೀಟರನ್ನು ಕೆಳಗಿಟ್ಟೆ.

ಆ ಆಗಸ್ಟಿನ ಭಾನುವಾರ, ಹನ್ನೊಂದನೇ ತಾರೀಖು, ತಾಯಲೂರಿನಲ್ಲಿ ಅವರ ಚಿಕ್ಕಪ್ಪನ ಮನೆಯ ಗೃಹಪ್ರವೇಶ. ಗಂಡಸರ ಪಂಕ್ತಿಗೆ ನಾನು ನೀರು ಬಡಿಸುತ್ತಿದ್ದೆ. ಅವರು ತಲೆಯೆತ್ತಿ, "ಉಪ್ಪೇ ಹಾಕಿಲ್ಲವಲ್ಲ," ಎಂದರು. ಎಲೆಯ ಎಡತುದಿಯಲ್ಲಿ ಉಪ್ಪಿತ್ತು. ಎಲ್ಲ ಎಲೆಯಲ್ಲೂ ಅಲ್ಲೇ ಇರುತ್ತದೆ.

"ಎಡಗಡೆ ಇದೆಯಲ್ಲ ರೀ," ಎಂದೆ.

"ಉಪ್ಪು ಎಲ್ಲಿರುತ್ತೆ ಅಂತ ಮರೆತ್ಯೇನೋ? ಬರೀ ಕಂಪ್ಯೂಟರ್ ನೋಡ್ತಾ ಇದ್ರೆ ಹೀಗೇ ಆಗೋದು," ಎಂದರು ಚಿಕ್ಕಪ್ಪ. ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಂದಕಿಶೋರ್ ಏಳುವಾಗ ನೋಡಿದೆ. ಉಪ್ಪಿನ ಪಕ್ಕದ ಚಟ್ನಿ, ಕೋಸಂಬರಿ ಮುಟ್ಟಿರಲಿಲ್ಲ. ಕೋಸಂಬರಿಯೆಂದರೆ ಪ್ರಾಣ ಅವರಿಗೆ. ನೆಂಟರ ಮನೆಯ ಅಡುಗೆ ಬಿಟ್ಟರಲ್ಲ ಎಂದು ನನಗೆ ಸಿಟ್ಟು ಬಂದಿತ್ತು. ಆ ವಾರ ಎರಡು ಸಲ ಎಡ ಭುಜ ಬಾಗಿಲಿಗೆ ಬಡಿದುಕೊಂಡರು. ತಲೆನೋವು ಎಂದರು. ಕನ್ನಡಕ ಮಾಡಿಸಿಕೊಳ್ಳಿ ಎಂದೆ.

ಹದಿಮೂರರಂದು ಈ ಬೋರ್ಡು ನೋಡುವಾಗ ಮೀಟರು ಹಿಡಿದು ಪಕ್ಕದಲ್ಲಿ ಕೂತಿದ್ದವಳು ನಾನು. ಎಡಗಡೆ ಕೂತಿದ್ದೆ. ಯಾವಾಗಲೂ ಅಲ್ಲೇ ಕೂರುತ್ತಿದ್ದದ್ದು. ಅವರ ಕೈ ಎತ್ತ ಹೋಗುತ್ತಿದೆ ಎಂದು ನಾನು ನೋಡಲಿಲ್ಲ. ಹಬ್ಬಕ್ಕೆ ತರಬೇಕಾದ ಹೂವಿನ ಪಟ್ಟಿ ಬರೆಯುತ್ತಿದ್ದೆ.

ಆ ಮಧ್ಯಾಹ್ನ ಅಳಬೇಕಾಗಿತ್ತು. ಅಳಲಿಲ್ಲ. ಸುಮಾರು ಹೊತ್ತು ಕೂತಿದ್ದು, ಭಾರತಮ್ಮನ ಅಂಗಡಿಯಿಂದ ಒಂದು ಲೋಟ ನೀರು ಇಸಿದುಕೊಂಡು ಕುಡಿದೆ.

ಆರರಲ್ಲಿ ಎರಡಕ್ಕೆ ಫ್ಯಾಕ್ಟರಿಯ ಕಾರ್ಡಿಗೆ ಬೇಕಾದ ಉದ್ದ ಸ್ಲಾಟು ಇತ್ತು. ಒಂದನ್ನು ಆರಿಸಿ ಬ್ಯಾಟರಿ ಕತ್ತರಿಸಿ ತೆಗೆದೆ. ಹಸಿರಿನ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದೆ. ನೊರೆ ಬಂತು. ತೊಳೆದು ಬಿಸಿಲಿಗಿಟ್ಟೆ. ಬ್ಲೇಡಿನಿಂದ ಗೆರೆಗಳನ್ನು ಕೆರೆದು ಒಂದೊಂದನ್ನೂ ಮೀಟರಿನಲ್ಲಿ ನೋಡಿದೆ. ಐದು ತುಂಡಾಗಿದ್ದವು. ಹಳೆಯ ಟೆಲಿಫೋನು ತಂತಿಯ ಎಳೆಗಳನ್ನು ಅಳತೆಗೆ ಕತ್ತರಿಸಿ ಬೆಸೆದೆ. ಹೊಸ ಬ್ಯಾಟರಿ ಕೂರಿಸಿದೆ. ಕೈ ಮರೆತಿತ್ತು. ಮೊದಲ ಎರಡು ಬೆಸುಗೆ ಕೆಟ್ಟವು. ನಾಲ್ಕು ದಿನ ಹಿಡಿಯಿತು.

ಕರೆಂಟು ಕೊಟ್ಟಾಗ ಪರೀಕ್ಷೆಯ ಕಾರ್ಡಿನ ಅಂಕಿಗಳು ಓಡಿದವು. ನಿಂತವು. ಮತ್ತೆ ಓಡಿದವು. ಸ್ಪೀಕರಿನಿಂದ ಒಂದು ಸಣ್ಣ ಬೀಪು. ಎಲ್ಲ ಸರಿಯಿದ್ದರೆ ಒಂದೇ ಬೀಪು.

ನೀವು ತಪ್ಪು ನೋಡಿದ್ರಿ ಎಂದು ಹೇಳಲು ಬಲಕ್ಕೆ ತಿರುಗಿದೆ. ಸ್ಟೂಲಿನ ಮೇಲೆ ಕದಿರೇಶ ಬಿಟ್ಟುಹೋದ ತೆಲುಗು ಪೇಪರಿತ್ತು.

ಎರಡು ದಿನ ಹಗಲೆಲ್ಲ ಓಡಿಸಿದೆ. ನಿಲ್ಲಲಿಲ್ಲ. ಹೊರಡುವ ದಿನ ಬೆಳಿಗ್ಗೆ ಭಾವ ಅಂಗಡಿಗೆ ಬಂದು ನೋಡಿದರು.

"ಅದೇನದು ಕೆಂಪಗೆ?"

"ಅವರ ಗುರುತು."

"ಇಂಟು ಗುರುತಲ್ಲವೇನಮ್ಮ ಅದು? ಒರೆಸಿಬಿಡು. ನೋಡಿದವರಿಗೆ ಚೆನ್ನಾಗಿರಲ್ಲ."

ಥಿನ್ನರ್ ಬಾಟಲಿ ಕಪಾಟಿನಲ್ಲಿತ್ತು. ಹತ್ತಿಗೆ ಹಚ್ಚಿದೆ. ಒಂದು ಸಲ ಉಜ್ಜಿದರೆ ಹೋಗುತ್ತಿತ್ತು. ಹತ್ತಿ ಕೈಯಲ್ಲಿ ಹಿಡಿದಂತೆಯೇ ಒಣಗಿತು. ಬೋರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ.

ಫ್ಯಾಕ್ಟರಿಯಲ್ಲಿ ನೆಲವೆಲ್ಲ ತೊಳೆದು ಹಣ್ಣಿಗೆ ಕಾಯುತ್ತಿದ್ದರು. ಕದಿರೇಶ ಮೆಷೀನಿನ ಕ್ಯಾಬಿನೆಟ್ಟು ಬಿಚ್ಚಿಟ್ಟುಕೊಂಡು ಸಿದ್ಧನಾಗಿದ್ದ. ಟವೆಲು ಬಿಡಿಸಿದವನು ಬೋರ್ಡನ್ನು ಎತ್ತಲಿಲ್ಲ.

"ಅಕ್ಕ, ಇದರ ಮೇಲೆ ಇಂಟು ಇದೆಯಲ್ಲ."

"ಇದೆ."

"ನಂದಣ್ಣ ಹಾಕಿದ್ದಾ?"

"ಹೌದು."

ಅವನು ಕೈ ಒರೆಸಿಕೊಂಡ. "ತಪ್ಪು ತಿಳ್ಕೋಬೇಡಿ. ಇದನ್ನ ನಾನು ಹಾಕಲ್ಲ. ಐದು ವರ್ಷದಲ್ಲಿ ನಂದಣ್ಣ ಆಗುತ್ತೆ ಅಂದಿದ್ದು ನಿಂತಿಲ್ಲ, ಆಗಲ್ಲ ಅಂದಿದ್ದು ಆಗಿಲ್ಲ. ನಡುವೆ ಲೈನು ನಿಂತ್ರೆ ಲಾರಿಗಟ್ಟಲೆ ಹಣ್ಣು ಕೊಳೆಯುತ್ತೆ. ಮ್ಯಾನೇಜರು ನನ್ನನ್ನ ಆ ಬಾಯ್ಲರಿಗೆ ಹಾಕ್ತಾರೆ."

"ಎರಡು ದಿನ ಓಡಿಸಿದ್ದೀನಿ ಕದಿರೇಶ."

"ಓಡುತ್ತೆ ಅಕ್ಕ. ಇವತ್ತು ಓಡುತ್ತೆ. ಅವರು ಸುಮ್ಮಸುಮ್ಮನೆ ಇಂಟು ಹಾಕೋರಾ? ಏನೋ ಕಂಡಿರಬೇಕು."

"ಕಂಡಿರಲಿಲ್ಲ," ಎಂದೆ.

ಅವನು ನನ್ನ ಮುಖ ನೋಡಿದ.

ಬೋರ್ಡನ್ನು ಮೇಜಿನ ಮೇಲೆ ಅವರಿಡುತ್ತಿದ್ದ ಹಾಗೆ ತಿರುಗಿಸಿಟ್ಟೆ. ಎಡ ಮೂಲೆಯ ತಂತಿಯ ಎಳೆಗಳನ್ನು ತೋರಿಸಿದೆ. "ಇಲ್ಲಿ ಕೆಟ್ಟಿತ್ತು. ಮುಚ್ಚಿರಲಿಲ್ಲ, ಹಸಿರಾಗಿ ಎದ್ದು ಕಾಣ್ತಿತ್ತು. ಅದೇ ಮೂರು ದಿನದಲ್ಲಿ ಇಂಥ ಆರು ಬೋರ್ಡಿಗೆ ಇಂಟು ಹಾಕಿದ್ದಾರೆ. ಆರರಲ್ಲೂ ದೋಷ ಈ ಕಡೆ. ಆ ವಾರ ಅವರಿಗೆ ಎಡಗಡೆ ಇರೋದು ಗೊತ್ತಾಗ್ತಿರಲಿಲ್ಲ. ಒಳಗೆ ಶುರುವಾಗಿತ್ತು. ಡಾಕ್ಟರು ಏನಾದ್ರೂ ಕಂಡಿತ್ತಾ ಅಂತ ಕೇಳಿದ್ರು. ಇಲ್ಲ ಅಂದೆ. ಕಂಡಿತ್ತು. ಊಟದ ಎಲೆಯಲ್ಲಿ ಉಪ್ಪು ಸಿಗಲಿಲ್ಲ ಅವರಿಗೆ. ನಾನು ನಕ್ಕೆ."

ಇಷ್ಟು ಮಾತನ್ನು ಆಗಸ್ಟಿನಿಂದ ಯಾರೊಂದಿಗೂ ಆಡಿರಲಿಲ್ಲ. ಯಾರದೋ ಬೋರ್ಡಿನ ಬಗ್ಗೆ ವಿವರಿಸಿದ ಹಾಗಿತ್ತು.

ಕದಿರೇಶ ಸ್ಕ್ರೂಡ್ರೈವರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಮೆಷೀನಿನ ಆಚೆ ಯಾರೋ ಖಾಲಿ ಡಬ್ಬಗಳನ್ನು ಜೋಡಿಸುತ್ತಿದ್ದರು.

"ಆ ಮಂಗಳವಾರ ನಾನೂ ಬಂದಿದ್ದೆ ಅಕ್ಕ," ಎಂದ. "ನೀವು ಏನೋ ಬರೀತಿದ್ರಿ. ಟೀ ತಂದು ಅಣ್ಣನ ಕೈ ಹತ್ರ ಇಟ್ಟೆ, ಈ ಕಡೆ. ತಗಲಿಸಿ ಬೀಳಿಸಿಬಿಟ್ರು. ಇನ್ನೊಂದು ತಂದೆ. ಅದನ್ನೂ ನೋಡಲಿಲ್ಲ, ಆರಿಹೋಯ್ತು. 'ಏನಣ್ಣ, ಬೆಳಬೆಳಗ್ಗೇನೇ ಹಾಕಿದ್ದೀರಾ?' ಅಂದೆ. ಅವರೂ ನಕ್ರು."

ಆಮೇಲೆ ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿ ಕ್ಯಾಬಿನೆಟ್ಟಿನೊಳಗೆ ಕೂರಿಸಿದ. ಸ್ಕ್ರೂ ಬಿಗಿದ. ಉದ್ದ ಕಾರ್ಡು ಒತ್ತಿದ. ಹಾರ್ಡ್‌ಡಿಸ್ಕಿನ ಸಂಖ್ಯೆಗಳನ್ನು ಹೊಸ ಬೋರ್ಡಿಗೆ ತಿಳಿಸಬೇಕಿತ್ತು. ಅವನ್ನು ನಂದಕಿಶೋರ್ ವರ್ಷಗಳ ಹಿಂದೆಯೇ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಗೋಡೆಗೆ ಅಂಟಿಸಿದ್ದರು. ಕದಿರೇಶ ಟಾರ್ಚು ಬಿಟ್ಟು ಓದಿದ. ನಾನು ಒತ್ತಿದೆ. ಪರದೆ ಬೆಳಗಿತು. ಮೆಷೀನಿನ ತೋಳು ಒಮ್ಮೆ ಕೆಳಗಿಳಿದು ಮೇಲೆದ್ದಿತು.

ನೀರು ತುಂಬಿಸಿ ನೂರು ಡಬ್ಬ ಓಡಿಸಿದರು. ಎಲ್ಲದರಲ್ಲೂ ಒಂದೇ ಮಟ್ಟ. ಮ್ಯಾನೇಜರು ಬಂದು ನೋಡಿ, "ಆಯ್ತಲ್ಲ, ಇನ್ನೇನು," ಎಂದು ಹೋದರು. ಇಪ್ಪತ್ತಕ್ಕೆ ಹಣ್ಣು ಬಂತು. ಅವತ್ತು ಸಂಜೆ ಬೂತಿಗೆ ಫೋನು ಮಾಡಿ ಕದಿರೇಶ ಹೇಳಿದ್ದು ಎರಡೇ ಮಾತು. "ಓಡ್ತಿದೆ ಅಕ್ಕ." ಸ್ವಲ್ಪ ತಡೆದು, "ಇಂಟು ಹಂಗೇ ಇದೆ. ನಾನೂ ಒರೆಸಿಲ್ಲ."

ಭಾವ ಕ್ಸೆರಾಕ್ಸಿನವನಿಗೆ ಬೇರೆ ಜಾಗ ನೋಡಿಕೊಳ್ಳಲು ಹೇಳಿದರು. ಮಾತಿಗೆ ತಪ್ಪುವವರಲ್ಲ. ಬೋರ್ಡು ಹೇಗೆ ಸರಿಹೋಯಿತು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವರೂ ತಾಯಲೂರಿನ ಪಂಕ್ತಿಯಲ್ಲಿ ತಮ್ಮನ ಪಕ್ಕದಲ್ಲೇ ಕೂತಿದ್ದವರು. ಎಲ್ಲರ ಜೊತೆ ನಕ್ಕವರು.

ಜೂನ್ ಹೊತ್ತಿಗೆ ಉಳಿದ ಐದರಲ್ಲಿ ನಾಲ್ಕು ಬೋರ್ಡು ಓಡಿದವು. ಅವನ್ನು ಗುರುತಿಲ್ಲದೆ ಇಡುವಂತಿರಲಿಲ್ಲ, ಸತ್ತವುಗಳ ಜೊತೆ ಬೆರೆತುಹೋಗುತ್ತವೆ. ಭಾರತಮ್ಮನ ಅಂಗಡಿಗೆ ಹೋದೆ. ಬಳೆ ತೊಡಿಸಿಕೊಳ್ಳುತ್ತಿದ್ದ ಇಬ್ಬರು ಹೆಂಗಸರು ಮಾತು ನಿಲ್ಲಿಸಿದರು. ನಾನು ಗಾಜಿನ ಹಿಂದಿನ ಸಾಲಿನಲ್ಲಿದ್ದ ಬಾಟಲಿಯ ಕಡೆ ಕೈ ತೋರಿಸಿದೆ.

ಭಾರತಮ್ಮ ಬಾಟಲಿ ತೆಗೆದು ಸೆರಗಿನಿಂದ ಧೂಳು ಒರೆಸಿದಳು. "ಇದೊಂದೇ ಉಳಿದಿರೋದು ಕಣಮ್ಮ. ಈ ಬಣ್ಣ ಅವನು ಬಿಟ್ರೆ ಯಾರೂ ಕೇಳ್ತಿರಲಿಲ್ಲ." ಕಾಗದದಲ್ಲಿ ಸುತ್ತಿ, ಆ ಹೆಂಗಸರಿಗೆ ಕಾಣದಂತೆ ಅಂಗೈಗೆ ಒತ್ತಿ ಕೊಟ್ಟಳು. "ಗಟ್ಟಿಯಾಗಿರುತ್ತೆ. ಚೆನ್ನಾಗಿ ಅಲ್ಲಾಡಿಸಿ ಹಚ್ಚು."

ಅಂಗಡಿಗೆ ಬಂದು ಅಲ್ಲಾಡಿಸಿದೆ. ಮುಚ್ಚಳ ತೆಗೆದಾಗ ಆ ವಾಸನೆ ಬಂತು. ಸ್ವಲ್ಪ ಹೊತ್ತು ಬಾಗಿಲ ಕಡೆ ತಿರುಗಿ ನಿಂತೆ. ಆಮೇಲೆ ನಾಲ್ಕು ಬೋರ್ಡಿನ ಮೇಲೂ ಇಂಟುವಿನ ಪಕ್ಕ ಒಂದೊಂದು ಚುಕ್ಕಿ ಇಟ್ಟೆ. ಇಂಟುವನ್ನು ಒರೆಸಲಿಲ್ಲ. ಐದನೆಯದು ಎಷ್ಟು ಮಾಡಿದರೂ ಓಡಿರಲಿಲ್ಲ. ಅದರ ಹಿಂದೆ ಎಡಗಡೆ ಖಾಲಿಯಿದ್ದ ಜಾಗದಲ್ಲಿ ತಾರೀಖು ಹಾಕಿ ಕಾರಣ ಬರೆದೆ.

ಬಣ್ಣ ಒಣಗುವವರೆಗೆ ಬೋರ್ಡುಗಳನ್ನು ಒಂದರ ಮೇಲೊಂದು ಇಡುವಂತಿಲ್ಲ. ಕಾಯುತ್ತ ಕೂತೆ.